ಕಡಲೆ ಹುಳಿಯ ಆಯಿ

ಹೋದ ವಾರ ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಮುಂದೆ ಹಸಿ ಕಡಲೆಗಿಡದ ಸಿವುಡುಗಳನ್ನು ಮಾರಲು ಕುಳಿತಿದ್ದರು. ಒಂದು ಸಿವುಡು ಕೊಂಡು, ದೊಡವಾಡದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು ಕಾಯಿ ಬಿಡಿಸಿ ತಿನ್ನತೊಡಗಿದೆ. ಸ್ವಲ್ಪ ಹೊತ್ತಿಗೆ ಬೆರಳೆಲ್ಲ ಅಂಟಂಟಾಯಿತು. ಒರೆಸಿಕೊಳ್ಳುವ ಬದಲು ಬೆರಳನ್ನು ನಾಲಗೆಗೆ ಹಚ್ಚಿದೆ. ಹುಳಿ... ಹಲ್ಲು ಜುಮ್ಮೆನ್ನುವಂಥ ಹುಳಿ. ಆಮೇಲೆ ತಿನ್ನುವುದಾಗಲಿಲ್ಲ. ಸಿವುಡನ್ನು ಮಡಿಲಲ್ಲಿಟ್ಟುಕೊಂಡು ಊರು ಬರುವತನಕ ನಮ್ಮ ಪಕ್ಕದ ಮನೆಯ ಆಯಿಯನ್ನೇ ನೆನೆಯುತ್ತ ಕುಳಿತೆ.

ಆಯಿ ಎಂದರೆ ನನ್ನ ಅಜ್ಜಿಯಲ್ಲ. ಇಡೀ ಓಣಿಗೇ ಅವಳು ಆಯಿ, ಸಣ್ಣವರು ದೊಡ್ಡವರು ಎನ್ನದೆ ಎಲ್ಲರೂ ಏಕವಚನದಲ್ಲೇ ಮಾತಾಡಿಸುತ್ತಿದ್ದೆವು, ಅವಳೂ ನಮ್ಮನ್ನು ಹಾಗೇ. ಹೊಟ್ಟೆಯ ಸಣ್ಣಪುಟ್ಟ ತಕರಾರಿಗೆಲ್ಲ ಅವಳ ಮನೆಯೇ ದವಾಖಾನೆ. ಹೊಟ್ಟೆ ಉಬ್ಬರಿಸಿದರೆ ಅಜವಾನಕ್ಕೆ ಉಪ್ಪು ಬೆರೆಸಿ ಅಂಗೈಗೆ ಹಾಕುವಳು. ತೇಗು ನಿಲ್ಲದಿದ್ದರೆ ಹಸಿಶುಂಠಿಯ ರಸ, ಹೊಟ್ಟೆ ಕಡಿದರೆ ಇಂಗು ಕದಡಿದ ಮಜ್ಜಿಗೆ. ಕೊಡುವುದಕ್ಕೆ ಮೊದಲು ಬೈಗುಳ ಮಾತ್ರ ತಪ್ಪುತ್ತಿರಲಿಲ್ಲ. "ತಿನ್ನೂಮುಂದ ಆಯಿ ನೆನಪ ಆಗಲಿಲ್ಲೇನ? ಊಟಾ ಬಲ್ಲವಗ ರೋಗ ಇಲ್ಲ ಅಂತ ಸಾಲ್ಯಾಗ ಕಲಿಸಿಲ್ಲೇನ ನಿನಗ?" ಬೈಸಿಕೊಂಡೇ ಅರ್ಧ ನೋವು ಇಳಿಯುತ್ತಿತ್ತು ಎಂದು ನಾವು ನಗುತ್ತಿದ್ದೆವು.

ಇವೆಲ್ಲಕ್ಕೂ ಜಗ್ಗದ ಹೊಟ್ಟೆಗೆ ಕಡಲೆ ಹುಳಿ. ಚಳಿಗಾಲದಲ್ಲಿ ಕಡಲೆ ಹೂ ಬಿಟ್ಟಾಗ ಆಯಿ ಸಂಜೆ ಎರೆಹೊಲಕ್ಕೆ ಹೋಗಿ ಗಿಡಗಳ ಮೇಲೆ ಒಗೆದ ಬಿಳಿ ಧೋತರ ಹಾಸಿ ಬರುತ್ತಿದ್ದಳು. ಎಲೆಯ ಮೇಲಿನ ಹುಳಿಯೆಲ್ಲ ಇಬ್ಬನಿಯ ಜೊತೆ ಅರಿವೆಗೆ ಇಳಿಯುತ್ತಿತ್ತು. ಬೆಳಕು ಹರಿಯುವ ಮೊದಲೇ ಅದನ್ನು ಹಿಂಡಿ ಗಾಜಿನ ಶೀಶೆಗೆ ತುಂಬುವಳು. ಹಿತ್ತಾಳೆ ತಾಮ್ರ ತಾಗಿಸುವಂತಿಲ್ಲ, ಕಿಲುಬು ಬಿಡುತ್ತದೆ. ಹುಳಿ ಹಿಡಿಯಲು ಹೊಲದವರನ್ನು ಕೇಳುವ ರಿವಾಜು ನಮ್ಮಲ್ಲಿ ಇರಲಿಲ್ಲ. ಕಾಯಿ ಕಿತ್ತರೆ ಕೇಳಬೇಕು, ಇಬ್ಬನಿಗೆ ಯಾರು ಮಾಲೀಕ? ಅವಳ ಅವ್ವ ಕೇಳಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ.

ಒಂದು ವರ್ಷ ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಉಂಡು ಬಂದ ನನ್ನ ಮಗಳಿಗೆ ಸಂಜೆ ಹೊಟ್ಟೆನೋವು ಶುರುವಾಯಿತು. ಎರಡನೆಯ ಇಯತ್ತೆಯ ಹುಡುಗಿ, ಕಡುಬು ಕಂಡರೆ ಬಿಡುವವಳಲ್ಲ. ಅಜವಾನ, ಇಂಗು, ಯಾವುದಕ್ಕೂ ಇಳಿಯಲಿಲ್ಲ. ಆಯಿಯ ಹಳೆಯ ಹುಳಿ ತೀರಿತ್ತು. ಅವಳು ಯಾವಾಗಲೂ ಹಾಸುತ್ತಿದ್ದ ಹೊಲ ದೂರ, ಕತ್ತಲಾಗುತ್ತ ಬಂದಿತ್ತು, ಮೊಣಕಾಲು ಬೇರೆ ನೋಯುತ್ತಿತ್ತು. ಊರಿಗೆ ಹತ್ತಿದ ಮೊದಲನೆಯ ಹೊಲದಲ್ಲೇ ಧೋತರ ಹಾಸಿ ಬಂದಳು. ನಸುಕಿನಲ್ಲಿ ಹಿಂಡಿ ತಂದು, ಅರ್ಧ ಚಮಚವನ್ನು ಬೆಲ್ಲದ ನೀರಿಗೆ ಬೆರೆಸಿ ತಾನೇ ಕೂಸಿಗೆ ಕುಡಿಸಿದಳು. ತುಸು ಹೊತ್ತಿಗೆ ಹುಡುಗಿ ಎದ್ದು ಅಂಗಳದಲ್ಲಿ ಆಡತೊಡಗಿದಳು. ನಾನು ನಿಶ್ಚಿಂತೆಯಿಂದ ರೊಟ್ಟಿ ಬಡಿಯಲು ಕುಳಿತೆ.

ಬಾಗಿಲು ಬಡಿದ ಸದ್ದಿಗೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಆಯಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇಲ್ಲ, ತಲೆಯ ಮೇಲೆ ಸೆರಗಿಲ್ಲ. ಅವಳನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

"ತಂಗಿ, ಕೂಸೆಲ್ಲಿ ಐತಿ?"

"ಅಲ್ಲೇ ಆಡಾಕ ಹತ್ತೇತಲ್ಲ. ಯಾಕ ಆಯಿ?"

"ಆ ಹೊಲಕ್ಕ ಮೊನ್ನೆ ಎಣ್ಣಿ ಹೊಡದಾರಂತ. ಕಾಯಿ ಕೀಳಬ್ಯಾಡ ಆಯಿ ಅಂತ ಹೊಲದಾಂವ ಈಗ ಹೇಳಿದ. ನಾ ಕುಡಿಸಿದ ಹುಳಿಯೊಳಗ ವಿಷ ಐತಿ. ನಡಿ, ದವಾಖಾನಿಗೆ ನಡಿ!"

ಕೀಡೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಅದನ್ನು ಕುಡಿದು ಸತ್ತವರ ಸುದ್ದಿ ಕೇಳದ ಊರಿಲ್ಲ.  ಹೇಗೆ ಮಗಳನ್ನು ಎತ್ತಿಕೊಂಡೆನೋ, ಯಾರು ಟಂಟಂ ರಿಕ್ಷಾ ನಿಲ್ಲಿಸಿದರೋ... ಒಂದೂ ಸರಿಯಾಗಿ ನೆನಪಿಲ್ಲ.

ಬೈಲಹೊಂಗಲ ಅಂದು ಮುಗಿಯದಷ್ಟು ದೂರವಾಯಿತು. ದಾರಿಯುದ್ದಕ್ಕೂ ಮಗಳ ಕಣ್ಣು ನೋಡಿದೆ, ಬಾಯಿ ನೋಡಿದೆ, ಹಣೆ ಮುಟ್ಟಿದೆ. ಅವಳು ಮಾತ್ರ ಪೇಟೆಗೆ ಹೊರಟ ಖುಷಿಯಲ್ಲಿ ಬಿಸ್ಕೀಟು ಬೇಕೆಂದು ಹಟ ಹಿಡಿದಿದ್ದಳು. ಆಯಿ ಎದುರಿಗೆ ಕುಳಿತು ಕೂಸನ್ನೇ ನೋಡುತ್ತಿದ್ದಳು.

"ಹೆದರಬ್ಯಾಡ ತಂಗಿ. ನನಗ ಇನ್ನೂ ಏನೂ ಆಗಿಲ್ಲ," ಅಂದಳು.

"ನಿನಗ ಯಾಕ ಆಗತೈತಿ?"

"ಶೀಶೆದಾಗ ಉಳದದ್ದೆಲ್ಲಾ ನಾ ಕುಡದ ಬಂದೇನಿ. ಕೂಸಿಗಿಂತ ಮೊದಲ ನನಗ ಆಗಲಿ. ಹೆಂಗಾಗತೈತಿ ಅಂತ ನನ್ನ ನೋಡಿದ್ರ, ಏನ ಕೊಡಬೇಕು ಅನ್ನೂದು ಡಾಕ್ಟರಗ ತಿಳಿತೈತಿ."

 ಕೊರೆಯುವ ಚಳಿಯಲ್ಲೂ ಅವಳ ಹಣೆಯಲ್ಲಿ ಬೆವರು ಒಡೆಯುತ್ತಿದ್ದುದನ್ನು ಆಗ ನೋಡಿದೆ. ಇನ್ನು ಯಾರ ಮುಖ ನೋಡಲಿ, ಮಗಳದೋ ಅವಳದೋ? ಇನ್ನಷ್ಟು ಜೋರಾಗಿ ಹೊಡಿ ಎಂದು ಟಂಟಂನವನ ಮೇಲೆ ಕೂಗಿದೆ.

ದವಾಖಾನೆಯಲ್ಲಿ ಡಾಕ್ಟರಬಾಯಿ ಎಲ್ಲ ಕೇಳಿಸಿಕೊಂಡು ಮಗಳ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. "ಶೀಶೆ ತಂದೀರೇನು? ವಾಸನಿ ನೋಡಿದ್ರ ಯಾವ ಎಣ್ಣಿ ಅನ್ನೂದು ಗೊತ್ತಾಗತೈತಿ."

"ಅದು ನನ್ನ ಹೊಟ್ಟ್ಯಾಗ ಐತ್ರೀ," ಅಂದಳು ಆಯಿ. ಗೋಡೆಗೆ ಒರಗಿ ನಿಂತಿದ್ದವಳು ಹಾಗೇ ಜಾರಿ ಕುಳಿತಳು. ಬಾಯಿಂದ ಜೊಲ್ಲು ಸುರಿಯತೊಡಗಿತ್ತು.

ಮಗಳಿಗೆ ಏನೂ ಆಗಲಿಲ್ಲ. ಅವಳ ಹೊಟ್ಟೆಗೆ ಹೋದದ್ದು ತೀರ ಕಮ್ಮಿ ಎಂದು ಹೇಳಿ, ಎರಡು ದಿನ ಇಟ್ಟುಕೊಂಡು ನೋಡಿ ಕಳಿಸಿದರು. ಆಯಿಯನ್ನು ಅಂದೇ ಬೆಳಗಾವಿಗೆ ಒಯ್ಯಬೇಕಾಯಿತು. ಉಳಿದಳು. ತಿರುಗಿ ಬಂದಾಗ ಗುರುತು ಸಿಗದಷ್ಟು ಸೊರಗಿದ್ದಳು, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಾಗಿಲಲ್ಲಿ ಅವಳನ್ನು ನೋಡಿದಾಗ ಅಪ್ಪಿಕೊಂಡು ಅತ್ತೆ. ಏನೂ ಹೇಳದೆ ಮನೆಯಲ್ಲಿ ಕುಳಿತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಓಡಿ ಬಂದಿದ್ದಳು.

ಓಣಿಯ ಬಾಯಿ ಸುಮ್ಮನಿರಲಿಲ್ಲ. ಆದರೆ ಆಡಿಕೊಂಡವರು ಕೂಡ ಹೊಟ್ಟೆನೋವು ಬಂದಾಗ ರೂಢಿಯಂತೆ ಅವಳ ಬಾಗಿಲಿಗೇ ಹೋಗುತ್ತಿದ್ದರು. ಆಯಿ ಅಜವಾನದ ಕಾಳನ್ನೂ ಕೊಡಲಿಲ್ಲ, ಬೈಯಲೂ ಇಲ್ಲ. "ದವಾಖಾನಿಗೆ ಹೋಗ್ರಿ," ಎಂದು ಎಲ್ಲರಿಗೂ ಬಹುವಚನದಲ್ಲಿ ಹೇಳಿ ಕದ ಮುಂದಕ್ಕೆ ಮಾಡುತ್ತಿದ್ದಳು. ನನಗೆ ಅದು ಬಹಳ ಸಂಕಟವಾಗುತ್ತಿತ್ತು.

ಮರುವರ್ಷ ಹಿತ್ತಲಲ್ಲಿ ನಾನೇ ಒಂದಿಷ್ಟು ಕಡಲೆ ಹಾಕಿದೆ. ಹೂ ಬಿಟ್ಟಾಗ ಅವಳ ಕೈ ಹಿಡಿದು ಕರೆತಂದೆ. "ಎಣ್ಣಿ ತೋರಿಸಿಲ್ಲ ಆಯಿ. ನನಗಾರ ಕಲಿಸ," ಅಂದೆ. ಅವಳು ಬಗ್ಗಿ ಎಲೆ ಸವರಿ, ಬೆರಳನ್ನು ನಾಲಗೆಗೆ ಹಚ್ಚಿಕೊಂಡಳು. ಒಂದು ಗಳಿಗೆ ಮುಖ ಅರಳಿತು.

"ಹುಳಿ ಚಲೋ ಏರೇತಿ. ಆದ್ರ ಇನ್ನ ನನ್ನ ಕೈ ಏಳೂದಿಲ್ಲ ತಂಗಿ," ಅಂದಳು. ಸೆರಗಿನಿಂದ ಬೆರಳನ್ನು ಬಹಳ ಹೊತ್ತು ಒರೆಸಿಕೊಳ್ಳುತ್ತಿದ್ದಳು...

ಆಯಿ ಹೋಗಿ ಈಗ ಎರಡು ಮಳೆಗಾಲ ಕಳೆದವು. ನಮ್ಮ ಓಣಿಯಲ್ಲಿ ಹುಳಿ ಹಿಡಿಯುವವರು ಯಾರೂ ಉಳಿದಿಲ್ಲ. ಹೊಟ್ಟೆ ನೊಂದರೆ ಔಷಧದ ಅಂಗಡಿಗೆ ಹೋಗುತ್ತೇವೆ, ಗುಳಿಗೆ ತರುತ್ತೇವೆ. ನೋವು ಕಮ್ಮಿಯೂ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಟ್ಟದ್ದು ತಪ್ಪಾಗಿರಬಹುದೆಂಬ ಸಂಶಯ ಬಂದಾಗ, ಉಳಿದದ್ದನ್ನು ತಾನು ಕುಡಿದು ಬರಿಗಾಲಲ್ಲಿ ಓಡಿ ಬರುವವರು ನನಗೆ ಇನ್ನು ಯಾರೂ ಇಲ್ಲ.