ನೀಲಿ ಗೋಡೆಯ ಮುಂದೆ ಕಂಡ ಹಳದಿ

ಬ್ರಷ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಪೇಂಟರ್ ರುದ್ರಪ್ಪ ನನ್ನ ಗಂಡನ ಮುಖವನ್ನೇ ನೋಡತೊಡಗಿದ. ಮಲಗುವ ಕೋಣೆಯ ಒಂದು ಗೋಡೆಗೆ ಹಿಂದಿನ ದಿನ ನೀಲಿ ಬಳಿದಿದ್ದ. ಯಜಮಾನರು ಅದರ ಮುಂದೆ ಮಂಚದ ಮೇಲೆ ಕೂತಿದ್ದರು.

ಆ ಕೋಣೆಗೆ ಪ್ರತಿ ಯುಗಾದಿಗೂ ಅರಿಶಿಣ ಬಣ್ಣವನ್ನೇ ಬಳಿಸುತ್ತಿದ್ದವಳು ನಾನು. ಮನೆಗೆ ಅದೇ ಲಕ್ಷಣ ಎಂಬುದು ನನ್ನ ಹಟ. ಈ ಸಲ ರುದ್ರಪ್ಪ, "ಸುತ್ತ ಹಳದಿ ಇದ್ರೆ ಒಳಗಿರೋದೆಲ್ಲ ಹಳದಿ ಕಾಣ್ತೈತಮ್ಮ, ಒಂದು ಗ್ವಾಡಿನಾದ್ರೂ ನೀಲಿ ಮಾಡಿ ನೋಡಣ" ಎಂದು ಗಂಟುಬಿದ್ದಿದ್ದ.

"ಅಮ್ಮ, ಯಜಮಾನ್ರ ಕಣ್ಣು ಹಿಂಗ್ಯಾಕೈತೆ? ಬಿಸಿಲಿಗೆ ಕರ್ಕಂಡು ಬರ್ರಿ" ಎಂದ ರುದ್ರಪ್ಪ ಈಗ.

ಯಜಮಾನರು ನಕ್ಕರು. "ನಲವತ್ತು ವರ್ಷದಿಂದ ಇವಳ ಅರಿಶಿಣದ ಗ್ವಾಡಿಗೆ ಒರಗೀನಿ. ಅದೇ ಬಣ್ಣ ಮೈಗೂ ಹತ್ತೈತೆ ಬಿಡೋ."

ಅಂಗಳದಲ್ಲಿ ನೋಡಿದೆ. ಕಣ್ಣಿನ ಬಿಳಿ ಭಾಗ, ಉಗುರು, ಎಲ್ಲ ಹಳದಿಯಾಗಿತ್ತು. ಊಟ ಸೇರುತ್ತಿಲ್ಲ, ಏಳಲಾಗುತ್ತಿಲ್ಲ ಎಂದು ತಿಂಗಳಿಂದ ಆ ಕೋಣೆಯಲ್ಲೇ ಮಲಗಿದ್ದರು. ನಾನು ಅಲ್ಲೇ ಮುಖ ನೋಡಿ, ಏನೂ ಆಗಿಲ್ಲ, ಸೋಮಾರಿತನ ಎಂದು ಬೈದಿದ್ದೆ. ದಾವಣಗೆರೆಯ ಡಾಕ್ಟರು, ಲಿವರ್ ಕೆಟ್ಟಿದೆ, ಮೊದಲೇ ತರಬೇಕಿತ್ತು ಎಂದರು. ಹದಿನೆಂಟನೇ ದಿನ ಯಜಮಾನರು ತೀರಿಕೊಂಡರು.

ತಿಥಿ ಕಳೆದ ಮೇಲೆ ರುದ್ರಪ್ಪ ಬಂದು, ಉಳಿದ ಮೂರು ಗೋಡೆಗೆ ಯಾವ ಬಣ್ಣ ಎಂದು ಕೇಳಿದ. ಬಿಳಿ ಬಳಿ ಎಂದೆ. ಈಗ ಮನೆಯಲ್ಲಿ ಯಾರಾದರೂ ಮೈ ಸರಿಯಿಲ್ಲ ಎಂದರೆ ಬೈಯುವುದಿಲ್ಲ. ಅಂಗಳದ ಬಿಸಿಲಿಗೆ ಕರೆದು ಮೊದಲು ಕಣ್ಣು ನೋಡುತ್ತೇನೆ.