ದಶರಥ ಹಚ್ಚಿದ ಪೋಸ್ಟರು

ವಾಡಿ ಜಂಕ್ಷನ್ನಿನ ಗೋಡೆಗಳಿಗೆ ಪೋಸ್ಟರು ಹಚ್ಚುವುದು ದಶರಥನ ಕೆಲಸ. ನಾನು ಅಲ್ಲೇ ಟಿಕೆಟ್ ಕಿಟಕಿಯ ಗುಮಾಸ್ತ. ಸಿನಿಮಾ ಪೋಸ್ಟರುಗಳನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಬರುವ ದಾನದ ಪೋಸ್ಟರುಗಳಲ್ಲಿ ಮಾತ್ರ ಒಂದೊಂದನ್ನು ತೆಗೆದಿಟ್ಟುಕೊಳ್ಳುತ್ತಿದ್ದ. ಅರವತ್ತೆರಡರದು ಚಿನ್ನ ಕೇಳುವುದು, ಅರವತ್ತೈದರದು ಜವಾನರಿಗೆ ಕಂಬಳಿ ಕೇಳುವುದು, ಎಪ್ಪತ್ತೊಂದರದು ರಕ್ತ ಕೇಳುವುದು. ಮಡಚಿದರೆ ಗೆರೆ ಬೀಳುತ್ತದೆಂದು ಮನೆಯಲ್ಲಿ ಎರಡು ಫರಸಿ ಕಲ್ಲುಗಳ ನಡುವೆ ಹಾಸಿಟ್ಟಿದ್ದ. "ಲಡಾಯಿ ಮುಗದ್ರೂ ನಿನ್ನ ಚಂದಾ ಮುಗೀಲಿಲ್ಲಲ್ಲೋ" ಎಂದು ನಾನೇ ಕಿಚಾಯಿಸುತ್ತಿದ್ದೆ.

ಅವನಿಗೆ ಹೆಮ್ಮೆ ಎಪ್ಪತ್ತೊಂದರದರ ಮೇಲೆ. ತಲೆಗೆ ಪಟ್ಟಿ ಕಟ್ಟಿದ ಜವಾನ, ಕೆಳಗೆ 'ನಿಮ್ಮ ರಕ್ತ ಕೊಡಿ'. ಅದನ್ನು ಹಚ್ಚಿದ ಮರುದಿನ ಶಿಬಿರಕ್ಕೆ ಎಪ್ಪತ್ತು ಜನ ಬಂದಿದ್ದರು.

"ಬಾಯಿಲೆ ಹೇಳಿದ್ರ ಮರೀತಾರ್ರಿ ಸಾಹೇಬ್ರ, ಗೋಡಿಗಿ ಹಚ್ಚಿದ್ರ ಬರ್ತಾರ" ಎನ್ನುತ್ತಿದ್ದ.

ಎಪ್ಪತ್ನಾಲ್ಕರಲ್ಲಿ ಒಂದು ಸಂಜೆ ರಾವೂರಿನ ಕಲ್ಲುಗಣಿಯಲ್ಲಿ ಅವನ ಒಬ್ಬನೇ ಮಗ ಭಗವಂತನ ತೊಡೆಯ ಮೇಲೆ ಬಂಡೆ ಬಿತ್ತು. ಗುಲಬರ್ಗಾಕ್ಕೆ ಒಯ್ದರು. ಆಸ್ಪತ್ರೆಯಲ್ಲಿ ರಕ್ತ ಬೇಕೆಂದರು. ಅಪ್ಪನದೂ ಹೊಂದಲಿಲ್ಲ, ಅವ್ವನದೂ ಹೊಂದಲಿಲ್ಲ. ದಶರಥ ಮುಂಜಾನೆ ಗಾಡಿಗೆ ವಾಡಿಗೆ ಬಂದ. ಅರ್ಧ ತಾಸಿಗೆ ಮರಳುವ ಗಾಡಿ. ಓಣಿಯಲ್ಲಿ ನಾಲ್ಕು ಮಂದಿಯನ್ನು ಕೇಳು ಎಂದು ಹೆಂಡತಿ ಅನಸುಬಾಯಿ ಹೇಳಿ ಕಳಿಸಿದ್ದಳು. ಅವನು ನಂಬಿದ್ದು ಗೋಡೆಯನ್ನು. ಎಪ್ಪತ್ತೊಂದರ ಪೋಸ್ಟರನ್ನು ಬೋರಲು ಹಾಕಿ, ಖಾಲಿ ಬೆನ್ನಿನ ಮೇಲೆ ಇದ್ದಿಲಿನಿಂದ ಮಗನ ಹೆಸರು, ಆಸ್ಪತ್ರೆ, ರಕ್ತ ಬೇಕಾಗಿದೆ ಎಂದು ದಪ್ಪಗೆ ಬರೆದ. ಸ್ಟೇಷನ್ನಿಗೆ ಓಡಿಬಂದು, ನನ್ನ ಕಿಟಕಿಯ ಪಕ್ಕ ಹಚ್ಚಿ, ಹೊರಟ ಗಾಡಿ ಹತ್ತಿದ. ಕಿಟಕಿಯ ಮುಂದೆ ಉದ್ದ ಸಾಲಿತ್ತು. ಮಾತಾಡಲು ಅವನಿಗೂ ನನಗೂ ಪುರುಸೊತ್ತು ಸಿಗಲಿಲ್ಲ.

ಸಾಲು ಕರಗಿದ ಮೇಲೆ ನೋಡಿದೆ. ಗೋಡೆಯ ಮೇಲೆ ಅದೇ ಹಳೇ ಜವಾನ, ಅದೇ 'ನಿಮ್ಮ ರಕ್ತ ಕೊಡಿ'. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡು ಚಹಾ ಕುಡಿಯಲು ಹೋದೆ. ಇಡೀ ಊರು ಹಾಗೇ ನೋಡಿ ದಾಟಿತು.

ಮೂರನೆಯ ದಿನ ದಶರಥ ಬಂದ. ಮಗ ತೀರಿಕೊಂಡಿದ್ದ; ಬಂಡೆ ಬಿದ್ದದ್ದೂ ನನಗಿನ್ನೂ ಗೊತ್ತಿರಲಿಲ್ಲ.

"ಒಬ್ರೂ ಬರ್ಲಿಲ್ಲಲ್ರಿ ಸಾಹೇಬ್ರ."

"ಯಾರ ಸಲುವಾಗಿ ಬರಬೇಕಿತ್ತೋ? ಲಡಾಯಿ ಮುಗದು ಭಾಳ ದಿನ ಆತಲ್ಲ."

ಅವನು ಗೋಡೆ ನೋಡಿದ. ಉಗುರಿನಿಂದ ಪೋಸ್ಟರಿನ ಮೂಲೆ ಎಬ್ಬಿಸಿದ. ಹಿಂದೆ ಅಂಟಿನಲ್ಲಿ ಕಲಸಿಹೋದ ಕರಿ ಅಕ್ಷರಗಳಿದ್ದವು. ಮೂವತ್ತು ವರ್ಷ ಬೆನ್ನಿಗೇ ಅಂಟು ಸವರಿ ರೂಢಿಯಾದ ಕೈ, ಆ ಅವಸರದಲ್ಲೂ ಚಿತ್ರವನ್ನು ಹೊರಗಿಟ್ಟು, ತಾನೇ ಬರೆದದ್ದರ ಮೇಲೆ ಅಂಟು ಸವರಿತ್ತು.

"ಅನಸುಬಾಯಿಗಿ ಹೇಳಬ್ಯಾಡ್ರಿ" ಎಂದ ದಶರಥ. "ಎಲ್ಲರೂ ಓದಿದ್ರು, ಯಾರಿಗೂ ಮನಸ್ಸಾಗಲಿಲ್ಲ ಅಂತ ಹೇಳ್ರಿ. ನನ್ನ ಕೈಲೆ ಹ್ವಾದ ಅಂತ ತಿಳದ್ರ ಆಕಿ ನನ್ ಜೋಡಿ ಹ್ಯಾಂಗ ಇರ್ತಾಳ್ರಿ?"

ಹೇಳಿದೆ. ನಾನೂ ಓದಿದ್ದೆ, ಆದರೂ ರಕ್ತ ಕೊಡಲು ಬರಲಿಲ್ಲ ಎಂದು ಅವಳ ಮುಖ ನೋಡಿಯೇ ಹೇಳಿದೆ. ಆಮೇಲೆ ಹನ್ನೊಂದು ವರ್ಷ ವಾಡಿಯಲ್ಲಿದ್ದೆ. ಅನಸುಬಾಯಿ ಒಂದು ದಿನವೂ ನನ್ನ ಕಿಟಕಿಯಲ್ಲಿ ಟಿಕೆಟ್ ತೆಗೆಯಲಿಲ್ಲ. ಬಿಸಿಲಲ್ಲಿ ಮುಂದಿನ ಸ್ಟೇಷನ್ನಿನವರೆಗೆ ನಡೆದುಹೋಗಿ ಗಾಡಿ ಹತ್ತುತ್ತಿದ್ದಳು.