ಫಟಫಟಿ ತಡೆದ ಅಕ್ಕೋರು

ಮೊನ್ನೆ ಪಕ್ಕದ ಮನೆಯಲ್ಲಿ ಕುಸುಬಿ ಎಣ್ಣೆ ಕಾಯಿಸಿ ಚುರುಮುರಿಗೆ ಒಗ್ಗರಣೆ ಕೊಟ್ಟರು. ವಾಸನೆ ಮೂಗಿಗೆ ಬಡಿದದ್ದೇ ತಡ, ಅಣ್ಣಿಗೇರಿಯ ನಮ್ಮ ಪುಟ್ಟ ಚರ್ಚು ಕಣ್ಣೆದುರು ಬಂತು, ಅದರ ಹಿಂದೆಯೇ ಅಕ್ಕೋರು... ಎಂಬತ್ತರ ದಶಕದಲ್ಲಿ ರವಿವಾರದ ಶಾಲೆಯಲ್ಲಿ ನಮಗೆ ಪಾಠ ಹೇಳಿ, ಚುರುಮುರಿ ತಿನ್ನಿಸಿ ಕಳಿಸುತ್ತಿದ್ದವರು. ಗಂಡನಿಲ್ಲ, ಮಕ್ಕಳಿಲ್ಲ, ಆ ಪಾಠವೇ ಅವರ ಜೀವ.

ಅವರಿಗೆ ಹಳೇ ಕಾಲದ ಈಜಿಪ್ಟಿನ ಒಬ್ಬ ಬಿಷಪ್ಪರದ್ದೇ ಹುಚ್ಚು. ಯೇಸುವನ್ನು ದೇವರು ಉಂಟುಮಾಡಿದ, ಹಾಗಾಗಿ ಆತ ತಂದೆಗಿಂತ ಕಡಿಮೆ ಎಂದು ಒಬ್ಬ ಪಂಡಿತ ವಾದಿಸಿದನಂತೆ. ಬರಬರುತ್ತಾ ರಾಜನೂ ಆ ಕಡೆ ವಾಲಿದ. ಬಿಷಪ್ಪರು ಮಾತ್ರ ಮಗನೂ ತಂದೆಯಷ್ಟೇ ದೇವರು ಎಂದು ಪಟ್ಟು ಹಿಡಿದರು. ಅವರನ್ನು ಗಡೀಪಾರು ಮಾಡಿದರು, ಅವರು ತಿರುಗಿ ಬಂದರು, ಮತ್ತೆ ಮಾಡಿದರು...

"ನಟ್ಟನಡು ದಾರ್ಯಾಗ ರಾಜನ ಕುದರಿಗೆ ಅಡ್ಡ ನಿಂತ್ರಲೇ! ಮೊದಲ ನನ್ನ ಮಾತ ಕೇಳು, ಆಮ್ಯಾಲ ಹೋಗು ಅಂದ್ರು!" ಎನ್ನುವಾಗ ತಲೆಯ ಮೇಲಿನ ಸೆರಗು ಜಾರಿದ್ದೂ ಅಕ್ಕೋರಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಪರವೂರಿನ ಬೋಧಕನೊಬ್ಬ ಬಂದು, ಆ ಪಂಡಿತನ ಮಾತನ್ನೇ ಬೆಲ್ಲ ಹಚ್ಚಿ ಹೇಳಿಹೋದ. ನಮ್ಮ ಚರ್ಚಿನ ಸಭೆ ನಡೆಸುತ್ತಿದ್ದ ಹಿರಿಯರೊಬ್ಬರಿಗೆ ಅದು ಬಹಳ ಹಿಡಿಸಿತು. ನಾವು ಪ್ರತಿ ವಾರ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಮಗ ತಂದೆಗೆ ಸಮ ಎನ್ನುವ ಸಾಲನ್ನು ಬಿಡಬೇಕು, ಮಕ್ಕಳಿಗೂ ಕಲಿಸಕೂಡದು ಎಂದು ಅಪ್ಪಣೆ ಮಾಡಿ ಫಟಫಟಿ ಏರಿದರು. ಅಕ್ಕೋರು ಓಡಿಹೋಗಿ ಹ್ಯಾಂಡಲ್ ಹಿಡಿದೇ ಬಿಟ್ಟರು!

"ಕೈ ಬಿಡ್ರಿ. ಒಂದು ಸಾಲಿಗೆ ಇಷ್ಟ್ಯಾಕ ಹಟಾ?" ಎಂದರು ಹಿರಿಯರು.

"ಆ ಸಾಲು ಹ್ವಾದ್ರ ಉಳಿಯೂದರ ಏನ್ರಿ?"

"ಸಭಿಯೆಲ್ಲಾ ಸುಮ್ನ ಐತಿ. ನೀವೊಬ್ಬರ ಶಾಣ್ಯಾರೇನು?"

"ಹೌದ್ರಿ," ಎಂದರು ಅಕ್ಕೋರು.

ಮರುವಾರವೇ ಶಾಲೆಯ ಕೋಣೆಗೆ ಬೀಗ. ಅಕ್ಕೋರು ಅತ್ತರೇ? ಎಲ್ಲಿಯದು! ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಓಣಿಯೆಲ್ಲಾ ಕೇಳುವಂತೆ ಆ ಸಾಲನ್ನು ನಮ್ಮಿಂದ ಒದರಿಸಿದರು. ನಮ್ಮವ್ವ ಹೆದರಿ, "ಮೆತ್ತಗ ಹೇಳಸ್ರೀ ಅಕ್ಕೋರ," ಎಂದಳು.

"ಮೆತ್ತಗ ಹೇಳಾಕ ಇದೇನು ಕಳವಿನ ಮಾಲೇನ್ರಿ?"

ಅಕ್ಕೋರು ಸಾಯುವವರೆಗೂ ಆ ಬೀಗ ಅವರಿಗೆ ತೆರೆಯಲಿಲ್ಲ. ಹಿರಿಯರು ಮಣ್ಣಿಗೂ ಬರಲಿಲ್ಲ, ಬರದಿದ್ದರೆ ಹೋಗಲಿ! ನಾವೆಲ್ಲ ಕುಣಿಯ ಸುತ್ತ ನಿಂತು, ಆ ಸಾಲನ್ನು ಕೂಗಿ ಹೇಳಿಯೇ ಮಣ್ಣು ಹಾಕಿದೆವು.

ಈಗ ಆ ಹಿರಿಯರೂ ಇಲ್ಲ. ಸಾಲು ಎಂದೋ ಮರಳಿ ಬಂದಿದೆ, ಯಾರಿಗೂ ಅದರ ಮೇಲೆ ಸಿಟ್ಟಿಲ್ಲ, ಪ್ರೀತಿಯೂ ಇಲ್ಲ. ಗಡಿಯಾರ ನೋಡುತ್ತಾ ಎಲ್ಲರೂ ಗೊಣಗಿ ಮುಗಿಸುತ್ತಾರೆ. ಅಕ್ಕೋರಿಲ್ಲದ ಸಂಕಟ ಆಗ ನನಗೆ ತಡೆಯಲಾಗುವುದಿಲ್ಲ... ನಾನೊಬ್ಬಳೇ ಗಟ್ಟಿಯಾಗಿ ಹೇಳುತ್ತೇನೆ. ಮುಂದಿನ ಬೆಂಚಿನವರು ಹೊರಳಿ ನೋಡುತ್ತಾರೆ. ನೋಡಲಿ ಬಿಡಿ.